ನಾಯಕನ ಹೆಲ್ಮೆಟ್ ಒಳಗೆ ತಂಗಿ

ಮಾರ್ಚ್ 4

ಚಿತ್ರಕಥೆಯ ಎರಡನೇ ಭಾಗಕ್ಕೂ ಕೆಂಪು ಗೀಟು ಹಾಕಿ ಮುಗಿಸಿದೆ. ಕಾರ್ ರೇಸಿನ ಸಿನಿಮಾ, ನಾನು ಸಲಹೆಗಾರ. ಗೆರೆ ದಾಟುವ ಮುಂಚೆ ನಾಯಕ ಇನ್ನೊಂದು ಗೇರ್ ಹಾಕುತ್ತಾನಂತೆ, ಕಾರು ನುಗ್ಗುತ್ತದಂತೆ. ಅಷ್ಟು ಹೊತ್ತು ಆ ಗೇರನ್ನು ಯಾರಿಗೆಂದು ಎತ್ತಿಟ್ಟಿದ್ದ? ಪಕ್ಕದ ಕಾರಿನವನ ಮುಖ ನೋಡಿ ನಗುವುದು ಬೇರೆ. ರೇಸ್ ಕಾರಿನ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂತರೆ ಕತ್ತೇ ತಿರುಗುವುದಿಲ್ಲ.

"ಸ್ಪಾಟರ್ ಎಲ್ಲಿ?" ಎಂದೆ. ನಿರ್ದೇಶಕ ಕಣ್ಣು ಕಣ್ಣು ಬಿಟ್ಟ. ವಿವರಿಸಿದೆ — ಗ್ಯಾಲರಿಯ ಛಾವಣಿ ಮೇಲೆ ನಿಂತು, ಪಕ್ಕದಲ್ಲಿ ಯಾರಿದ್ದಾರೆ, ಯಾವಾಗ ಪಕ್ಕ ಖಾಲಿಯಾಗಿ "ಕ್ಲಿಯರ್" ಆಯಿತು ಎಂದು ಓಡಿಸುವವರ ಕಿವಿಗೆ ರೇಡಿಯೋದಲ್ಲಿ ಹೇಳುವವನು. ಒಂಬತ್ತು ವರ್ಷ ನಾನು ಮಾಡಿದ ಕೆಲಸ.

"ಅಯ್ಯೋ, ಬೇಡ ಸಾರ್. ಹೀರೋ ಒಬ್ನೇ ಇದ್ರೇನೇ ಚೆಂದ."

ಮಾರ್ಚ್ 5

ನಾಯಕನ ಬದಲಿಗೆ ಕಾರು ಓಡಿಸುವುದು ಯಾರೆಂದು ಇವತ್ತು ತಿಳಿಯಿತು. ತಂಗಿ. ನನ್ನ ತಂಗಿ! ಅವನ ಹೆಲ್ಮೆಟ್ ಹಾಕಿಕೊಂಡು.

ಮೂರು ವರ್ಷವಾಯಿತು ಅವಳು ನನ್ನ ಜೊತೆ ಮಾತು ಬಿಟ್ಟು. ಅಮ್ಮ ಫೋನ್ ಮಾಡಿದಾಗ ಹಿಂದೆಲ್ಲೋ ಅವಳು ನಕ್ಕಿದ್ದು ಕೇಳಿಸಿದರೆ ದಿನವಿಡೀ ಅದೇ ಗುಂಗು.

ಮಾರ್ಚ್ 9

ಬಂದಳು. ದೂರದಿಂದಲೇ ನೋಡಿದೆ. ಎಡ ಮಣಿಕಟ್ಟನ್ನು ಈಗಲೂ ಎರಡು ಸಲ ತಿರುವಿ ನೋಡಿಯೇ ಗ್ಲೌಸ್ ಹಾಕುತ್ತಾಳೆ. ನನ್ನನ್ನೂ ನೋಡಿದಳು, ಗೋಡೆ ನೋಡಿದ ಹಾಗೆ. ಹತ್ತಿರ ಹೋಗದೆ ಚಿತ್ರಕಥೆಯ ಹಾಳೆ ತಿರುವಿದೆ.

ಮಾರ್ಚ್ 10

ವಿಲನ್ ಬೇಕೆಂದೇ ಗುದ್ದುವ ಅಪಘಾತ ನಿರ್ದೇಶಕನಿಗೇ ಹಳಸಲು ಅನಿಸಿದೆ. "ನಿಜವಾಗ್ಲೂ ಹೇಗಾಗತ್ತೋ ಹಾಗೆ ಬರೆದುಕೊಡಿ ಸಾರ್."

ಬರೆದೆ. ಇಡೀ ಮಧ್ಯಾಹ್ನ. ಛಾವಣಿ ಮೇಲೆ ಅಣ್ಣ. ಹೊರಬದಿಯ ಕಾರು ಇನ್ನೂ ಪೂರ್ತಿ ಹಿಂದೆ ಬಿದ್ದಿಲ್ಲ. ಅರ್ಧ ಸೆಕೆಂಡ್ ಮೊದಲೇ "ಕ್ಲಿಯರ್" ಅನ್ನುತ್ತಾನೆ. ತಂಗಿ ನಂಬಿ ತಿರುಗಿಸುತ್ತಾಳೆ. ಕಾರು ಗೋಡೆಗೆ, ಮಣಿಕಟ್ಟು ಎರಡು ಕಡೆ ಮುರಿತ. ವಿಚಾರಣೆಯಲ್ಲಿ ಅಣ್ಣ ಹೇಳುತ್ತಾನೆ: ನಾನು ಏನೂ ಹೇಳಲಿಲ್ಲ, ಅವಳೇ ಅವಸರಪಟ್ಟಳು. ರೇಡಿಯೋ ಮಾತಿನ ರೆಕಾರ್ಡಿಂಗ್ ಇಲ್ಲ. ಎಲ್ಲರೂ ಅಣ್ಣನನ್ನೇ ನಂಬುತ್ತಾರೆ. ಅವಳಿಗೆ ಒಂದು ವರ್ಷ ನಿಷೇಧ.

ಒಂದಕ್ಷರ ಸುಳ್ಳಿಲ್ಲ. ಸಿನಿಮಾದಲ್ಲಾದರೂ ನೋಡಲಿ, ನಾನು ಒಪ್ಪಿಕೊಂಡಿದ್ದೇನೆಂದು. ಎದುರು ನಿಂತು ಹೇಳುವ ಎದೆಗಾರಿಕೆ ನನಗಿಲ್ಲ.

ಮಾರ್ಚ್ 13

ಪುಟಗಳು ವಾಪಸ್.

"ಚೆನ್ನಾಗಿ ಬರ್ದಿದ್ದೀರಿ ಸಾರ್. ಆದ್ರೆ ಜನ ನಂಬಲ್ಲ. ಒಡಹುಟ್ಟಿದ ಅಣ್ಣ ಹಾಗೆ ಮಾಡ್ತಾನಾ? ನ್ಯಾಚುರಲ್ ಆಗಿಲ್ಲ."

ನಗಬೇಕೋ ಅಳಬೇಕೋ. ವಿಲನ್ನೇ ಗುದ್ದುತ್ತಾನಂತೆ.

ಮಾರ್ಚ್ 19

ಬರೆಯಲು ಮನಸ್ಸೇ ಇರಲಿಲ್ಲ.

ಪರದೆ ಮೇಲೆ ಸ್ಪಾಟರ್ ಬೇಡ, ಶೂಟಿಂಗ್‌ಗೆ ಮಾತ್ರ ಬೇಕೇ ಬೇಕು — ಏಳು ಕಾರು ಒಟ್ಟಿಗೆ ಓಡುತ್ತವೆ. ಸ್ಟಂಟ್ ಮಾಸ್ಟರ್ ನನ್ನ ಕಡೆ ಬೆರಳು ತೋರಿಸಿದರು.

"ಅವಳಿಗೆ ಹೇಳಿದ್ರಾ?"

"ಹೇಳ್ದೆ. 'ಅವರಾದ್ರೂ ಸರಿ, ಟೈಮಿಗೆ ಬರೋಕ್ ಹೇಳಿ' ಅಂದ್ರು."

ನಾನೀಗ 'ಅವರು'. ಇಷ್ಟು ಮರ್ಯಾದೆ ಯಾರಿಗೆ ಬೇಕಿತ್ತು? "ಏಯ್ ಅಣ್ಣಾ, ನಿದ್ದೆ ಮಾಡ್ತಿದ್ದೀಯಾ?" ಎಂದು ಕಿವಿಯಲ್ಲಿ ಬೈಯುತ್ತಿದ್ದವಳು. ಅದೊಂದು ಬೈಗುಳಕ್ಕೆ ಜೀವ ಹಾತೊರೆಯುತ್ತದೆ.

ಮಾರ್ಚ್ 20, ಮಧ್ಯಾಹ್ನ 12

ಛಾವಣಿ ಮೇಲೆ ಕೂತೇ ಬರೆಯುತ್ತಿದ್ದೇನೆ. ಮುಂದಿನ ಟೇಕಿಗೆ ಕ್ಯಾಮೆರಾ ಜಾಗ ಬದಲಿಸುತ್ತಿದ್ದಾರೆ.

ಬೆಳಿಗ್ಗೆ ಅವಳು ಬೆಲ್ಟ್ ಬಿಗಿದುಕೊಂಡು ಕೂತಿದ್ದಳು. ಎಂಜಿನ್ ಇನ್ನೂ ಶುರುವಾಗಿರಲಿಲ್ಲ. ರೇಡಿಯೋ ಎಲ್ಲರಿಗೂ ಕೇಳುತ್ತದೆ — ನಿರ್ದೇಶಕ, ಮೆಕ್ಯಾನಿಕ್‌ಗಳು, ಉಳಿದ ಆರು ಜನ. ಕೇಳಲಿ ಎಂದೇ ಬಟನ್ ಒತ್ತಿದೆ.

"ಪುಟ್ಟಿ, ಅವತ್ತು ನಾನು ಕ್ಲಿಯರ್ ಅಂದಿದ್ದೆ ಕಣೇ. ಆಮೇಲೆ ಸುಳ್ಳು ಹೇಳ್ದೆ. ತಪ್ಪು ನಿಂದಲ್ಲ, ನಂದು."

ಅವಳು ಎಂಜಿನ್ ಶುರು ಮಾಡಿದಳು.

ಹನ್ನೊಂದು ಸುತ್ತು. ಪಕ್ಕದಲ್ಲಿ ಯಾರಿದ್ದಾರೆಂದು ಹೇಳುತ್ತಾ ಹೋದೆ. ನಾಲ್ಕು ಸಲ ನಾನು "ಕ್ಲಿಯರ್" ಎಂದೆ. ನಾಲ್ಕು ಸಲವೂ ಒಂದು ಕ್ಷಣ ತಡೆಯದೆ ತಿರುಗಿಸಿದಳು. ಕಣ್ಣು ಮಂಜಾಗಿ ದುರ್ಬೀನು ಒರೆಸಿಕೊಂಡೆ.

ಅಗೋ, ರೇಡಿಯೋ ಕರಕರ ಅಂತಿದೆ.

"ಮೂರು ವರ್ಷ ಬೇಕಾಯ್ತಾ ಅಣ್ಣಾ?"

ಬಟನ್ ಮೇಲೆ ಬೆರಳಿದೆ. ಏನಂತ ಹೇಳಲಿ ಇವಳಿಗೆ —