ಮೊದಲು ಬೆಲ್ಲ, ಆಮೇಲೆ ಚಾ

ಚಿಕ್ಕಮ್ಮಾ,

ನನ್ನ ಅಕ್ಷರ ನಿಮಗೆ ಗೊತ್ತುಂಟಲ್ಲ, ಹಾಗಾಗಿ ನಾನು ಹೇಳಿದ್ದನ್ನು ನನ್ನ ರೂಮಿನ ಡ್ಯಾರಲ್ ಈ ಕಾರ್ಡಲ್ಲಿ ಬರೆಯುತ್ತಿದ್ದಾನೆ. ದುಬೈಯಲ್ಲಿ ಈಗ ಚಾದ ಹಬ್ಬ. ಗುಲಾಬಿ ಬಣ್ಣದ ಚಾ ಕೂಡ ಕಂಡೆ! ನಮ್ಮ ಹೋಟೆಲಿನ ಧಣಿ ಭೋಜಣ್ಣ ಮೊದಲ ಸಲ ನನ್ನನ್ನು ಅಲ್ಲಿಯ ಸ್ಟಾಲಿನ ಕೌಂಟರಿನಲ್ಲಿ ನಿಲ್ಲಿಸಿದರು. "ವ್ಯಾಪಾರ ಆಗದಿದ್ರೆ ನಾಳೆಯಿಂದ ಪುನಃ ಪಾತ್ರೆ ತೊಳಿಲಿಕ್ಕೆ ಹೋಗು" ಅಂದಿದ್ದರು.

ಮಧ್ಯಾಹ್ನದವರೆಗೆ ಒಂದು ನೊಣವೂ ಬರಲಿಲ್ಲ. ಆಗ ಬಿಸಿಲಿನಿಂದ ಒಬ್ಬ ಅರಬಿ ಅಜ್ಜ ಬಂದು ಕೂತರು. ನನ್ನ ಕೈ ಸುಮ್ಮನಿರ್ತದಾ? ಮನೆಗೆ ಬಂದವರಿಗೆ ನೀವು ಕೊಡುವ ಹಾಗೆ, ನನ್ನ ಕೆಮ್ಮಿಗೆ ಅಂತ ನೀವೇ ಕಳಿಸಿದ ತಾಳೆಯ ಓಲೆಬೆಲ್ಲದ ತುಂಡು, ಒಂದು ಲೋಟ ನೀರು ಮುಂದಿಟ್ಟೆ.

"ಏ ಯತೀಶ, ಇದು ನಿನ್ನ ಅಜ್ಜನ ಮನೆಯಾ ಮಾರಾಯ? ಚಾ ಮಾರು!" ಅಂತ ಭೋಜಣ್ಣ ಹಿಂದಿನಿಂದ ಬೈದರು.

ಅಜ್ಜ ಬೆಲ್ಲ ಚೀಪಿ ನಕ್ಕರು. "ನಮ್ಮಲ್ಲಿ ಖರ್ಜೂರ, ನಿಮ್ಮಲ್ಲಿ ಇದು" ಅಂತ ಹಿಂದಿಯಲ್ಲಿ ಹೇಳಿ ಚಾ ಕುಡಿದರು. ಮತ್ತೆ ಹೋಗಿ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಕರೆದುಕೊಂಡು ಬಂದರು. ಅವರನ್ನು ನೋಡಿ ಉಳಿದವರೂ ಬಂದರು. ಸಂಜೆ ಭೋಜಣ್ಣನೇ ಸ್ಟಾಲಿನೆದುರು ನಿಂತು, ಅರಬಿಗಳ ಹಾಗೆ "ಯಲ್ಲಾ ಯಲ್ಲಾ, ಬನ್ನಿ, ಮೊದಲು ಬೆಲ್ಲ ತಿನ್ನಿ!" ಅಂತ ಜನ ಕರೀತಾ ಇದ್ದರು!

ನನ್ನ ಕೆಮ್ಮು ಕಮ್ಮಿಯಾಗಿದೆ. ಬೆಲ್ಲ ಖಲಾಸ್. ಡ್ಯಾರಲ್‌ನ ಅಕ್ಕ ಒಲಿಂಡಾ ಊರಿಂದ ಬರುವವರಿದ್ದಾರೆ, ಅವರ ಕೈಲಿ ಬೆಲ್ಲದ ದೊಡ್ಡ ಕಟ್ಟನ್ನೇ ಕೊಡಿ. ಅದರ ಮೇಲೆ ಬರೀ ಹೆಸರು ಬೇಡ, 'ಕೌಂಟರಿನ ಯತೀಶನಿಗೆ' ಅಂತಲೇ ಬರೆಯಿರಿ.

ಕಾರ್ಡಲ್ಲಿ ಜಾಗ ಇಲ್ಲ ಅಂತಿದ್ದಾನೆ ಡ್ಯಾರಲ್.

ನಿಮ್ಮ
ಯತೀಶ