ಮರೆ ಮಾಡದ ಗಾಜು

ಆಸ್ಪತ್ರೆ ಕಟ್ಟಡ ಸಮಿತಿಯ ಅಧ್ಯಕ್ಷರೇ,

ಮಹಿಳೆಯರ ತಪಾಸಣಾ ಕೊಠಡಿಗೆ ನೀವು ಹಾಕಿಸಿದ ಗಾಜಿನಲ್ಲಿ ಒಳಗಿರುವ ರೋಗಿ ಹೊರಗೆ ಕೂತವರಿಗೆಲ್ಲ ಕಾಣಿಸುತ್ತಾಳೆ. ಹೀಗಾಗುತ್ತದೆಂದು ನಿಮಗೆ ಮೊದಲೇ ಹೇಳಲಾಗಿತ್ತು. ಹೇಳಿದವಳು ನಾನೇ, ನಿಮ್ಮದೇ ಸಭೆಯಲ್ಲಿ, ನೀವು ಬಿಸ್ಕತ್ತು ಮೆಲ್ಲುತ್ತಿದ್ದಾಗ.

ನೆನಪಿಲ್ಲವೆನ್ನುತ್ತೀರಿ. ಅದಕ್ಕೇ ಮತ್ತೊಮ್ಮೆ ವಿವರಿಸುತ್ತೇನೆ, ಈ ಸಲ ಊರೆಲ್ಲ ಕೇಳಿಸಿಕೊಳ್ಳಲಿ. ಎರಡು ಗಾಜಿನ ನಡುವೆ ಪಾಲಿಮರ್ ಅಂಟು ಮತ್ತು ದ್ರವಸ್ಫಟಿಕ, ಅಂದರೆ ಟೀವಿ ಪರದೆಯಲ್ಲಿರುವ ಲಿಕ್ವಿಡ್ ಕ್ರಿಸ್ಟಲ್, ಬೆರೆಸಿ ತುಂಬುತ್ತಾರೆ. ದೀಪದ ಬೆಳಕಿಗೆ ಅಂಟು ಗಟ್ಟಿಯಾಗುತ್ತಾ ಹೋದಂತೆ ದ್ರವಸ್ಫಟಿಕ ಬೇರ್ಪಟ್ಟು ಹನಿಹನಿಯಾಗುತ್ತದೆ. ಸಣ್ಣ ಹನಿಗಳು ಒತ್ತಾಗಿದ್ದರೆ ಬೆಳಕು ಚದುರಿ ಗಾಜು ಹಾಲಿನಂತೆ ಬೆಳ್ಳಗಿರುತ್ತದೆ. ವಿದ್ಯುತ್ ಕೊಟ್ಟರೆ ಹನಿಯೊಳಗಿನ ಕಡ್ಡಿಯಂಥ ಅಣುಗಳೆಲ್ಲ ಒಂದೇ ದಿಕ್ಕಿಗೆ ಸಾಲಾಗಿ ನಿಂತು ಗಾಜು ತಿಳಿಯಾಗುತ್ತದೆ. ಆದರೆ ದೀಪ ಮಂದವಾಗಿದ್ದು ಅಂಟು ನಿಧಾನವಾಗಿ ಗಟ್ಟಿಯಾದರೆ, ಹನಿಗಳಿಗೆ ಒಂದರೊಳಗೊಂದು ಸೇರಿ ದಪ್ಪವಾಗಲು ಪುರಸೊತ್ತು ಸಿಗುತ್ತದೆ, ನೀರಿನ ಮೇಲಿನ ಎಣ್ಣೆಯ ಹಾಗೆ. ದಪ್ಪ ಹನಿಯ ಗಾಜಿಗೆ ವಿದ್ಯುತ್ ಕಡಿಮೆ ಸಾಕು, ನಿಜ. ಮರೆ ಮಾಡುವ ಕೆಲಸ ಮಾತ್ರ ಅದರಿಂದಾಗದು. ಈ ಮಿಶ್ರಣವನ್ನು ಕಂಪ್ಯೂಟರಿನಲ್ಲಿ ಅನುಕರಿಸಿ, ನೀವು ಆರಿಸಿದ ಮಂದ ದೀಪದಡಿ ಹನಿಗಳು ಹೇಗೆ ಉಬ್ಬುತ್ತವೆಂದು ಪರದೆಯ ಮೇಲೆ ತೋರಿಸಿದೆ. ಆಗ ತಾವು ಅಪ್ಪಣೆ ಕೊಡಿಸಿದ್ದು ಹೀಗೆ:

“ನೋಡಮ್ಮ, ನಿಂದು ಕಂಪ್ಯೂಟರ್ ಒಳಗಿನ ಗಾಜು. ನಮಗೆ ಬೇಕಾಗಿರೋದು ಗೋಡೆಗೆ ಹಾಕೋ ಗಾಜು.”

ಸಭೆ ಗೊಳ್ಳೆಂದು ನಕ್ಕಿತು. ಆಮೇಲೆ ವಿದ್ಯುತ್ ಉಳಿಸಿದ್ದಕ್ಕೆ ನಿಮಗೊಂದು ಫಲಕವೂ ಸಿಕ್ಕಿತು. ರೋಗಿಯ ಮಾನ ಉಳಿಸಿದವರಿಗೆ ಫಲಕ ಕೊಡುವುದಿಲ್ಲವಾದ್ದರಿಂದ ತಾವು ಆ ಗೊಡವೆಗೆ ಹೋಗಲಿಲ್ಲವೇನೋ?

ಹೋದ ತಿಂಗಳು ಅಮ್ಮನನ್ನು ಅಲ್ಲಿಗೇ ಕರೆತಂದೆ. ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು, ಊರಿಗಿರುವುದು ಇದೊಂದೇ ಆಸ್ಪತ್ರೆ. ಸಭೆಯಲ್ಲಿ ನಕ್ಕರೂ ಆಮೇಲೆ ಯಾರಾದರೂ ಯೋಚಿಸಿರುತ್ತಾರೆ ಎಂದುಕೊಂಡಿದ್ದೆ. ನಿಮ್ಮ ಬಗ್ಗೆ ಎಂಥ ಉದಾರ ಮನಸ್ಸು ನನ್ನದು! ಅಮ್ಮ ಗುಂಡಿ ಬಿಚ್ಚಿದ್ದು, ತೋಳೆತ್ತಿದ್ದು, ಎಲ್ಲವೂ ಹೊರಗಿನ ಬೆಂಚಿಗೆ ಕಂಡಿತು. ಅಮ್ಮ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವಳು. ಬೆಂಚಿನಲ್ಲಿದ್ದ ಅವಳ ಹಳೇ ವಿದ್ಯಾರ್ಥಿಯೊಬ್ಬ, ಪಾಪ, ತಲೆ ತಗ್ಗಿಸಿ ಎದ್ದುಹೋದ. ನಾನು ಶಾಲು ಬಿಡಿಸಿ ಗಾಜಿಗೆ ಅಡ್ಡ ಹಿಡಿದು ನಿಂತೆ. ನರ್ಸ್ ಓಡಿಬಂದಳು.

“ಮೇಡಂ, ಗಾಜು ಮುಟ್ಬೇಡಿ, ಕಲೆ ಆಗತ್ತೆ. ಅಧ್ಯಕ್ಷರು ಬಯ್ತಾರೆ.”

ಅಮ್ಮ ಹೊರಗೆ ಬಂದವಳು ನನ್ನ ಕೈಯಲ್ಲಿದ್ದ ಶಾಲು ನೋಡಿದಳು. “ಎಲ್ಲಾ ಕಾಣ್ತಿತ್ತೇನೇ?” ಎಂದಳು. ನಾನು ಶಾಲನ್ನು ಅವಳಿಗೆ ಹೊದಿಸಿದೆ. ಮನೆಗೆ ಬಂದ ಮೇಲೆ ಒಂದೇ ಮಾತು: “ಇನ್ಮೇಲೆ ಅಲ್ಲಿಗೆ ಕರೀಬೇಡ ಕಣೇ. ಗಂಟು ಇದ್ರೆ ಇರ್ಲಿ ಬಿಡು.”

ಗಂಟಿನ ಚೂರು ತೆಗೆದು ಪರೀಕ್ಷಿಸಬೇಕಿದೆ. ಡಾಕ್ಟರು ಫೋನ್ ಮಾಡುತ್ತಲೇ ಇದ್ದಾರೆ, ಅಮ್ಮ ಎತ್ತುವುದಿಲ್ಲ. ನನಗೆ ಭಯವಾಗುತ್ತಿದೆ.

ಆದ್ದರಿಂದ ನಾಳೆಯೇ ಆ ಗಾಜಿಗೆ ದಪ್ಪ ಬಟ್ಟೆಯ ಪರದೆ ಹಾಕಿಸಿ, ಗಾಜು ಬದಲಿಸುವ ತನಕ ತೆಗೆಸಬೇಡಿ. ಹಾಕಿಸಿದ ಮೇಲೆ ತಾವೇ ಅಂಗಿ ಬಿಚ್ಚಿ ಆ ಮಂಚದ ಮೇಲೆ ಮಲಗಿ, ಹೊರಗೆ ಬೆಂಚು ತುಂಬ ಜನ ಕೂತಿರಲಿ. ಆಮೇಲೆ ನಮ್ಮ ಮನೆಗೆ ಬಂದು, ಏನೂ ಕಾಣುವುದಿಲ್ಲವೆಂದು ಅಮ್ಮನಿಗೆ ನೀವೇ ಹೇಳಿ. ನಾನು ಹೇಳಿದರೆ ನಂಬುವುದಿಲ್ಲ. ಆ ದಿನ ಹೊರಗೆ ಕೂತು ನೋಡಿದವರಲ್ಲಿ ನಾನೂ ಒಬ್ಬಳು.

ಇಂತಿ,
ತನ್ನ ಲೆಕ್ಕ ತಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುವ ಸಂಶೋಧಕಿ