ಹಂಚು ಹುಡುಕಬೇಡ

ಅಕ್ಕಾ,

ವಾಡಿ ರೈಲುಗಾಡಿಗೆ ಹೊರಟೆ. ರೊಟ್ಟಿ ಹಂಚು ಹುಡುಕಬೇಡ, ಪಕ್ಕದ ಗುಂಡಮ್ಮನ ಮನೆಯಲ್ಲಿಟ್ಟಿದ್ದೇನೆ. ನಿನ್ನ ಬಲ ಮೊಲೆ ತೆಗೆದು ಹದಿನೆಂಟೇ ದಿನ. ಆ ಕೈಯಲ್ಲಿ ರೊಟ್ಟಿ ಬಡಿದು ಗಾಯ ಬಿರಿದರೆ ಮತ್ತೆ ಆಸ್ಪತ್ರೆಯೇ ಗತಿ.

‘ಹೊರಗ ಹೋದ್ರ ಮಂದಿ ನೋಡ್ತಾರ, ಒಳಗಿದ್ರ ಗ್ವಾಡಿ ನೋಡ್ತದ’ ಅಂತೀ. ಸರಿ, ಡಾಕ್ಟರು ಹೇಳಿದಂತೆ ಆ ಗೋಡೆಯ ಮೇಲೇ ಬಲಗೈ ಬೆರಳು ಮೆಲ್ಲಗೆ ಮೇಲಕ್ಕೆ ಹತ್ತಿಸು. ನೋವಾದಲ್ಲಿ ನಿಲ್ಲಿಸಿ ಇದ್ದಿಲಿನ ಗೆರೆ ಎಳೆ. ಈಗ ಕೈ ಏರುವಲ್ಲಿಂದ ನೀನು ಮುಚ್ಚಿಸಿಟ್ಟ ಕಿಟಕಿಯ ಚಿಲಕಕ್ಕೆ ಇನ್ನು ನಾಲ್ಕೇ ಬೆರಳು ದೂರ. ಬಲಗೈಯಿಂದ ಅದನ್ನು ನೀನೇ ತೆಗೆದ ದಿನ ಹಂಚು ವಾಪಸು.

ನಿನ್ನೆ ಬಾಗಿಲ ಹೊರಗೆ ನಿಂತು ಡಾಕ್ಟರ ದನಿಯಲ್ಲಿ ‘ಏನ್ರಿ ಅಮೃತಮ್ಮ, ರೊಟ್ಟಿ ಬಡ್ಯಾಕತ್ತೀರೇನು?’ ಅಂದದ್ದು ನನ್ನ ತಪ್ಪೇ. ಆದರೆ ಹಿಟ್ಟಿನ ಕೈ ಸೆರಗಿನಲ್ಲಿ ಬಚ್ಚಿಟ್ಟ ನೀನು, ನನ್ನನ್ನು ಕಂಡಮೇಲೆ ಎದೆಗೆ ದಿಂಬೊತ್ತಿಕೊಂಡು ನನಗಿಂತ ಜೋರಾಗಿ ನಕ್ಕೆಯಲ್ಲ!